ಆರುನೂರ ಹನ್ನೆರಡನೆಯ ನಾಮ

ಕುಂಕುಮದ ಬಟ್ಟಲಿನ ಅಂಚಿನ ಮೇಲೆ ಒಂದು ಇರುವೆ ಸುತ್ತು ಹಾಕುತ್ತಿದೆ, ಒಳಗೂ ಬೀಳುವುದಿಲ್ಲ ಹೊರಗೂ ಇಳಿಯುವುದಿಲ್ಲ, ರಾಜ್ಯಲಕ್ಷ್ಮಿಯ ಮೂರು ಬೆರಳುಗಳು ಅದನ್ನು ತಪ್ಪಿಸಿ ಇಳಿದವು, ಚಿಟಿಕೆ ಎತ್ತಿದವು, ದೇವಿಯ ಬೆಳ್ಳಿಯ ಪಾದಗಳ ಮೇಲೆ ಬಿಟ್ಟವು, ನಮಃ ಎಂದರು ಸುತ್ತ ಕುಳಿತ ಒಂಬತ್ತು ಹೆಂಗಸರು, ಮತ್ತೆ ಬಟ್ಟಲು, ಮತ್ತೆ ಪಾದ — ಸಹಸ್ರನಾಮದ ಮುಂದಿನ ನಾಮ ಯಾವುದೆಂದು ಅವಳು ನೆನೆಯಬೇಕಾಗಿಲ್ಲ, ಮೂವತ್ತೆರಡು ವರ್ಷ ಪ್ರತಿ ಶುಕ್ರವಾರ ಹೇಳಿದ ಬಾಯಿ ಪಳಗಿದ ಎತ್ತಿನಂತೆ ತಾನೇ ದಾರಿ ಹಿಡಿದು ಹೋಗುತ್ತದೆ, ಗಾಡಿಯಲ್ಲಿ ಕುಳಿತ ಮನಸ್ಸು ಬೇಕಾದಲ್ಲಿ ಇಳಿದುಬಿಡಬಹುದು, ಇಂದು ಇಳಿದು ಓಡುತ್ತಿದೆ, ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯ ಈ ದೇವರ ಮನೆಯಿಂದ ವಿಜಯವಾಡಕ್ಕೆ, ಇಂದ್ರಕೀಲಾದ್ರಿ ಬೆಟ್ಟದ ಅಮ್ಮನವರ ಗುಡಿಯ ಮೆಟ್ಟಿಲುಗಳಿಗೆ, ಅಲ್ಲಿ ಶ್ರಾವ್ಯಾ ಈಗ ಎಷ್ಟನೆಯ ಮೆಟ್ಟಿಲಿನಲ್ಲಿದ್ದಾಳೋ, ಹಿತ್ತಾಳೆಯ ತಟ್ಟೆಯಲ್ಲಿ ಅರಿಸಿನ ಕುಂಕುಮ ಹಿಡಿದು, ಒಂದೊಂದು ಮೆಟ್ಟಿಲಿಗೂ ಬಾಗಿ ಹಚ್ಚಿ, ಏಳುತ್ತ, ಬಾಗುತ್ತ, ಏಳುತ್ತ. ಮಗಳನ್ನು ಅಲ್ಲಿಗೆ ಅಟ್ಟಿದವಳು ತಾಯಿಯೇ. ಬುಧವಾರ ಫೋನಿನಲ್ಲಿ ಶ್ರಾವ್ಯಾ ಹೇಳಿದ್ದಳು, ಅಮ್ಮಾ, ಕ್ವಾರ್ಟರ್ಸಿನ ಮೆಟ್ಟಿಲು ಹತ್ತುವಾಗ ಗುಂಡೆ ದಡದಡ ಅಂತ ಓಡತ್ತೆ, ಮೊನ್ನೆ ಇಬ್ರಾಹಿಂಪಟ್ನಂ ಬಸ್‌ಸ್ಟ್ಯಾಂಡಲ್ಲಿ ಕಣ್ಣು ಕತ್ತಲೆ ಬಂದು ಅಲ್ಲೇ ಕೂತ್ಬಿಟ್ಟೆ, ಎರಡು ಸಲ ಹೀಗಾಯ್ತು, ಡಾಕ್ಟರ ಹತ್ರ ಹೋಗೋಣ ಅಂತಾರೆ ಪ್ರಮೋದ್. ಇಪ್ಪತ್ತೇಳು ವರ್ಷದ ಹುಡುಗಿ, ಪ್ರಮೋದನ ಕೈಹಿಡಿದು ಆ ಊರು ಸೇರಿದವಳು, ತೆಲುಗಿನ ನಡುವೆ ಬೆಳೆದು ಎದೆಗೆ ಗುಂಡೆ ಎನ್ನುವವಳು, ತಾನು ಕಾಣದ ಅಜ್ಜಿಯನ್ನು ಅಮ್ಮಮ್ಮ ಎನ್ನುವವಳು, ಹೆದರಿ ಕೇಳಿದ್ದಳು, ಮತ್ತು ರಾಜ್ಯಲಕ್ಷ್ಮಿ, ಐವತ್ತನಾಲ್ಕು ವರ್ಷದ ತಿಳಿದ ಹೆಂಗಸು, ಏನೆಂದಳು — ಅಯ್ಯೋ ಮಗೂ, ಅದಕ್ಕೆ ಡಾಕ್ಟರು ಯಾಕೆ, ಅದು ಅಮ್ಮನವರ ಕೈ, ನಮ್ಮ ಮನೆ ಹೆಣ್ಣುಮಕ್ಕಳಿಗೆ ಹಾಗೆ ಬರತ್ತೆ, ನಿನ್ನ ಅಮ್ಮಮ್ಮಂಗೂ ಬರ್ತಿತ್ತು, ಶುಕ್ರವಾರ ಮೆಟ್ಟಿಲ ಪೂಜೆ ಮಾಡು, ನಡೆದೇ ಹತ್ತು. ನಮಃ. ನಡೆದೇ ಹತ್ತು ಎಂದದ್ದು ಈ ಬಾಯಿಯೇ, ಈಗ ನಮಃ ಎನ್ನುತ್ತಿರುವ ಬಾಯಿ.

ಸೆರಗಿನೊಳಗೆ ಎದೆಗೆ ಅಂಟಿಸಿದ ಬಿಲ್ಲೆಗಳು ಕೆರೆಯುತ್ತಿವೆ, ಐದು ಬಿಲ್ಲೆ, ಐದು ತಂತಿ, ಸೊಂಟದಲ್ಲಿ ಸಿಕ್ಕಿಸಿದ ಪುಟ್ಟ ಪೆಟ್ಟಿಗೆ, ಒಂದು ಹಗಲು ಒಂದು ರಾತ್ರಿ ಎದೆಯ ಬಡಿತವನ್ನೆಲ್ಲ ಬರೆದಿಡುವ ಪೆಟ್ಟಿಗೆ, ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಟ್ಟಿ ಕಳಿಸಿದರು, ಇದಕ್ಕೆ ನೀರು ತಾಕಬಾರದಮ್ಮಾ, ನಾಳೆ ಬಿಚ್ಚೋವರೆಗೂ ಸ್ನಾನ ಇಲ್ಲ — ಅಂದರೆ ಅವಳು ಇಂದು ಮಡಿಯಲ್ಲಿಲ್ಲ, ಸೊಂಟದ ಕೆಳಗೆ ನೀರು ಸುರಿದುಕೊಂಡು, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು, ಒಗೆದ ಪಟ್ಟೆಸೀರೆ ಉಟ್ಟು ಬಂದು ಕುಳಿತಿದ್ದಾಳೆ, ಎದುರಿಗಿರುವ ದುರ್ಗಾಂಬನಿಗೆ ಗೊತ್ತಿಲ್ಲ, ಪಕ್ಕದ ಕನಕಲಕ್ಷ್ಮಿಗೆ ಗೊತ್ತಿಲ್ಲ, ಪೀಠದ ಮೇಲಿರುವವಳಿಗೆ ಗೊತ್ತು. ಇದು ಫಣೀಂದ್ರರ ಹಟ, ಭದ್ರಾವತಿಯಲ್ಲಿ ಹುಟ್ಟಿ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ತಲೆ ನರೆಸಿದ ಗಂಡ, ಸೋಮವಾರ ಅವಳು ಅಡಿಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತದ್ದನ್ನು ಕಂಡುಬಿಟ್ಟರು, ಏನಿಲ್ಲ ಎಂದರೆ ಕೇಳಲಿಲ್ಲ, ನೋಡೇ, ನಮ್ಮ ಪ್ಲಾಂಟಲ್ಲಿ ಪಂಪಿನ ಸದ್ದು ಬದಲಾದ್ರೆ ಯಾರೂ ಅದಕ್ಕೆ ಆರತಿ ಎತ್ತಲ್ಲ, ಬಿಚ್ಚಿ ನೋಡ್ತೀವಿ, ಎಂದರು, ನಾನು ಪಂಪಲ್ಲ ಎಂದಳು, ಅದಕ್ಕೇ ಫಿಟ್ಟರನ್ನ ಕರೀದೆ ಡಾಕ್ಟರಿಗೆ ಹೇಳಿದೀನಿ, ಎಂದರು. ಈಗ ಇಲ್ಲ ಅವರು, ಗ್ಯಾಸಿನವನ ಅಂಗಡಿಗೆ ಹೋಗಿದ್ದಾರೆ, ಇದ್ದಿದ್ದರೆ ಕಣ್ಸನ್ನೆ ಮಾಡಬಹುದಿತ್ತು, ಆದರೆ ಯಾವ ಸನ್ನೆ, ಶ್ರಾವ್ಯಾಳ ಮಾತನ್ನು ಅವರಿಗೆ ಹೇಳಿಯೇ ಇಲ್ಲವಲ್ಲ. ಅವಳ ಫೋನು ಅಡಿಗೆಮನೆಯಲ್ಲಿ ಅಕ್ಕಿಡಬ್ಬದ ಮೇಲೆ ಬಾಯಿ ಮುಚ್ಚಿಕೊಂಡು ಮಲಗಿದೆ, ಅದರೊಳಗೆ ಬೆಳಿಗ್ಗೆ ಆರಕ್ಕೆ ಬಂದ ಚಿತ್ರ, ಹಿತ್ತಾಳೆಯ ತಟ್ಟೆ, ಅರಿಸಿನದ ಗುಡ್ಡೆ, ಕುಂಕುಮದ ಗುಡ್ಡೆ, ಕೆಳಗೆ ಒಂದು ಸಾಲು, ಅಮ್ಮಾ ಹೊರಟ್ವಿ. ಆಗಲೇ ಕರೆದು ಹೇಳಬಹುದಿತ್ತು. ಪೂಜೆ ಮುಗಿಯಲಿ ಎಂದುಕೊಂಡಳು. ನಿಜವಾಗಿ ಅದಕ್ಕೇ ತಡೆದಳೇ, ಇಲ್ಲ, ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆ, ಅದಕ್ಕೆ.

ನಮಃ — ಪೆಟ್ಟಿಗೆಯ ಜೊತೆ ಒಂದು ಹಾಳೆಯನ್ನೂ ಕೊಟ್ಟಿದ್ದರು, ಮೂರು ಅಂಕಣ, ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಿರಿ, ಏನನ್ನಿಸಿತು, ಎದೆ ಹಾರಿದಾಗೆಲ್ಲ ಈ ಗುಂಡಿ ಒತ್ತಿ ಹಾಳೆಯಲ್ಲಿ ಬರೀರಿ ಎಂದಳು ಡಾಕ್ಟರ್ ಸಾಯಿಪ್ರಿಯಾ, ಶ್ರಾವ್ಯಾಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು, ಹಣೆಯಲ್ಲಿ ಕುಂಕುಮವಿತ್ತು, ಅದನ್ನು ಕಂಡು ತುಸು ಧೈರ್ಯವೂ ಬಂದಿತ್ತು, ತುಸು ಸಿಟ್ಟೂ. ನಿನ್ನೆಯಿಂದ ಮೂರು ಸಲ ಬಂದಿದೆ, ಗುಂಡಿ ಒತ್ತಲಿಲ್ಲ. ಮೂರನೆಯ ಅಂಕಣದಲ್ಲಿ ಏನೆಂದು ಬರೆಯುವುದು, ಅಮ್ಮನವರು ಬಂದರು ಎಂದೇ. ಆರು ತಿಂಗಳ ಹಿಂದೆ, ಇದೇ ಜಾಗದಲ್ಲಿ, ಇದೇ ಬಟ್ಟಲಿನ ಮುಂದೆ ಮೊದಲ ಸಲ ಬಂತು, ಕುಕ್ಕರಿನ ವಿಷಲ್ ಕೂಗುವ ಮುನ್ನ ನಡುಗುವಂತೆ ಎದೆಯೊಳಗೆ ಏನೋ ನಡುಗಿ, ಒಂದು ಬಡಿತ ಕಾಣೆಯಾಗಿ, ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ ಆಳಕ್ಕೆ ಬಿದ್ದು, ದೊಪ್ಪೆಂದು ಒಂದು ಗಟ್ಟಿ ಬಡಿತದಲ್ಲಿ ಮತ್ತೆ ಎದ್ದು, ಅವಳ ಮುಖ ಬೆವೆತದ್ದನ್ನೂ ಕಣ್ಣು ಅರೆಮುಚ್ಚಿದ್ದನ್ನೂ ನೋಡಿದ ದುರ್ಗಾಂಬ ಕೈ ಮುಗಿದುಬಿಟ್ಟಳು, ಅಮ್ಮವಾರು ವಚ್ಚಾರಮ್ಮಾ, ವಚ್ಚಾರು, ಬಂದರು ಬಂದರು, ಎಂದಳು, ಒಂಬತ್ತು ತಲೆಗಳು ಬಾಗಿದವು. ಸುಳ್ಳು ಹೇಳಬಾರದು, ಹಿತವಾಗಿತ್ತು. ನನ್ನಮ್ಮನಿಗೆ ಬರುತ್ತಿದ್ದದ್ದು ನನಗೂ ಬಂತಲ್ಲ ಎನ್ನುವ ಹಿಗ್ಗು, ಶುಕ್ರವಾರಕ್ಕಾಗಿ ಕಾಯುವ ಹಿಗ್ಗು, ಬಾರದ ಶುಕ್ರವಾರ ಮೈಯಲ್ಲಿ ಏನೋ ಕಳೆದುಕೊಂಡಂತೆ — ಆಮೇಲೆ ಅದು ಮಂಗಳವಾರವೂ ಬಂತು, ಹಾಲು ಕಾಯಿಸುವಾಗ ಬಂತು, ಬಚ್ಚಲಲ್ಲಿ ಬಂತು, ಅಮ್ಮನವರು ಬಚ್ಚಲಿಗೂ ಬರುತ್ತಾರೆಯೇ ಎಂದು ಒಂದು ಸಲ ತಲೆಯಲ್ಲಿ ಹಾಯ್ದುಹೋಯಿತು, ಅಪಚಾರ ಎಂದು ಕೆನ್ನೆ ಬಡಿದುಕೊಂಡಳು. ದೇವತೆಯ ಸಾನ್ನಿಧ್ಯಕ್ಕೂ ದೇಹದ ವ್ಯಾಧಿಗೂ ಇರುವ ಗೆರೆಯನ್ನು ಎಷ್ಟು ಸಲ ಈ ಹೆಂಗಸರಿಗೆ ಬಿಡಿಸಿ ಹೇಳಿದ್ದಾಳೆ, ಅಪ್ಪ ಕಲಿಸಿದ ಸಂಸ್ಕೃತದಲ್ಲಿ, ಎಷ್ಟು ಚೆಂದವಾಗಿ, ಆ ಗೆರೆ ತನ್ನ ಎದೆಯ ಮೇಲೆಯೇ ಹಾದುಹೋಗುವಾಗ ಕಣ್ಣಿಗೆ ಬೀಳಲಿಲ್ಲ.

ಕನಕಲಕ್ಷ್ಮಿ ತಟ್ಟೆಗೆ ಅರಿಸಿನದ ಕೊಂಬೊಂದನ್ನು ಇಟ್ಟಳು, ಟಕ್ಕೆಂದಿತು, ನೂರು ನಾಮಕ್ಕೊಂದು ಕೊಂಬು, ಇದು ಆರನೆಯದು, ಆರುನೂರಾಯಿತು, ಇನ್ನು ಹನ್ನೆರಡು — ಆ ಹನ್ನೆರಡನೆಯದಕ್ಕೆಂದು ಪ್ರತಿಯೊಬ್ಬಳ ಮುಂದೂ ಒಂದೊಂದು ಕೆಂಪು ಕಣಗಿಲೆ ಹೂ ಕಾದಿದೆ, ಇದು ಬೇರೆ ಯಾವ ಮನೆಯಲ್ಲೂ ಇಲ್ಲದ ಪದ್ಧತಿ, ಆರುನೂರ ಹನ್ನೆರಡನೆಯ ನಾಮಕ್ಕೆ ಕುಂಕುಮದ ಜೊತೆ ಹೂ, ಏಕೆಂದರೆ ಆ ನಾಮದಲ್ಲಿ ರಾಜ್ಯಲಕ್ಷ್ಮಿಯ ತಾಯಿ ಲಕ್ಷ್ಮೀಕಾಂತಮ್ಮ ದೇವಿಯ ಪಾದ ಸೇರಿದಳು. ಹಾಗೆಂದೇ ಹೇಳುವುದು ಮನೆಯಲ್ಲಿ, ಪಾದ ಸೇರಿದಳು, ಸತ್ತಳು ಎಂಬ ಮಾತನ್ನು ಆ ಸಾವಿಗೆ ಯಾರೂ ಬಳಸಿಲ್ಲ, ಅದಕ್ಕೇ ನಿನ್ನೆ ಡಾಕ್ಟರು ಕೇಳಿದಾಗ, ನಿಮ್ಮ ಮನೇಲಿ ಐವತ್ತರೊಳಗೆ ಯಾರಾದ್ರೂ ಇದ್ದಕ್ಕಿದ್ದಂತೆ ತೀರ್ಕೊಂಡಿದ್ದಾರಾ ಅಮ್ಮಾ, ಇಲ್ಲ ಎಂದಳು, ತಡವರಿಸದೆ ಇಲ್ಲ ಎಂದಳು, ಆ ಗಳಿಗೆಯಲ್ಲಿ ಅದು ಸುಳ್ಳೆಂದು ಹೊಳೆಯಲೂ ಇಲ್ಲ. ಪಾವಗಡ ಬಿಟ್ಟು ಬಂದ ಸಂಸಾರ, ವಿಜಯವಾಡದಲ್ಲಿ ಬೆಟ್ಟದ ನೆರಳು ಬೀಳುವ ಬೀದಿಯ ಹೆಂಚಿನ ಮನೆ, ಅಮ್ಮ ಬೆಟ್ಟ ಹತ್ತುವಾಗ ನಡುವೆ ನಾಲ್ಕು ಸಲ ಕೂರುತ್ತಿದ್ದಳು, ಕಣ್ಣು ಕತ್ತಲೆ ಬಂತು ಕಣೇ ರಾಜಿ, ಅಮ್ಮ ಕರೀತಿದ್ದಾಳೆ, ಎಂದು ನಗುತ್ತಿದ್ದಳು, ತುಟಿ ಬೆಳ್ಳಗೆ, ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಬಿದ್ದು ಎದ್ದು, ನಿಂಬೆರಸ ಕುಡಿದು, ನಿಮ್ಮಪ್ಪನಿಗೆ ಹೇಳ್ಬೇಡ ಎಂದು ಕೈ ಹಿಡಿದಳು, ಇಪ್ಪತ್ತೆರಡರ ರಾಜಿ ಹೇಳಲಿಲ್ಲ. ನಮಃ. ಆಮೇಲೆ ಆ ಶುಕ್ರವಾರ, ಬೆನ್ನು ಗೋಡೆಗೆ, ಮೊಣಕೈ ಪೀಠದ ಅಂಚಿಗೆ, ಅಮ್ಮ ಆರುನೂರ ಹನ್ನೆರಡನೆಯ ನಾಮ ಹೇಳಿದಳು, ಚಿಟಿಕೆ ಎತ್ತಿದಳು, ಕೈ ಬಟ್ಟಲಿಗೂ ಪಾದಕ್ಕೂ ನಡುವೆ ನಿಂತಿತು. ನಿಂತೇ ಇತ್ತು. ಮೂರು ಬೆರಳ ತುದಿಯಲ್ಲಿ ಕುಂಕುಮ, ಬೀಳದೆ. ತುಟಿ ಏನೋ ಹೇಳಲು ಒಂದಿಷ್ಟು ಆಡಿತು, ಅದನ್ನು ಕಂಡವಳು ರಾಜಿಯೊಬ್ಬಳೇ, ಅಮ್ಮಾ ಎಂದು ಏಳಹೋದಳು, ಅಜ್ಜಿ ತೊಡೆ ಒತ್ತಿ ಕೂರಿಸಿದರು, ಏಳ್ಬೇಡ, ಸಂಕಲ್ಪ ಮಾಡಿ ಕೂತ ಮೇಲೆ ಸಾವಿರ ಮುಗೀದೆ ಏಳಬಾರದು, ನಿಮ್ಮಮ್ಮ ದೇವಿ ಹತ್ರ ಇದ್ದಾಳೆ, ಮುಂದಕ್ಕೆ ಹೇಳು. ಮುಂದಕ್ಕೆ ಹೇಳಿದಳು. ಆರುನೂರ ಹದಿಮೂರರಿಂದ ಸಾವಿರದವರೆಗೆ, ಮುನ್ನೂರ ಎಂಬತ್ತೆಂಟು ನಾಮ, ಒಂದೂ ತಪ್ಪದೆ, ತಾಯಿಯ ಪಕ್ಕದಲ್ಲಿ ಕುಳಿತು, ಮಂಗಳಾರತಿಯಾದ ಮೇಲೆ ಮುಟ್ಟಿದರು, ಊರೇ ಬಂದು ಅಡ್ಡಬಿತ್ತು, ಎಂಥ ಪುಣ್ಯವಂತೆ ಎಂದಿತು, ರಾಜಿಯ ಕಂಠವನ್ನು ಹೊಗಳಿತು. ಮುನ್ನೂರ ಎಂಬತ್ತೆಂಟು ನಾಮಕ್ಕೆ ಎಷ್ಟು ಹೊತ್ತು ಬೇಕು — ಲೆಕ್ಕ ಹಾಕಬಾರದೆಂದು ಮೂವತ್ತೆರಡು ವರ್ಷ ಹಾಕಲಿಲ್ಲ, ನಿನ್ನೆ ಆಸ್ಪತ್ರೆಯ ಗೋಡೆಯಲ್ಲಿ ಗಡಿಯಾರದ ಕೆಂಪು ಮುಳ್ಳು ತಿರುಗುವುದನ್ನು ನೋಡುತ್ತ ಲೆಕ್ಕ ತಾನೇ ಆಗಿಹೋಯಿತು, ಅರ್ಧ ಗಂಟೆ.

ಭಯಪಡಕಂಡಿ ಅಮ್ಮಾ, ಹೆದರಬೇಡಿ, ಎಂದಿದ್ದಳು ಡಾಕ್ಟರು ಬಿಲ್ಲೆ ಅಂಟಿಸುತ್ತ, ಎದೆ ಹಾರೋದು ಎಲ್ಲರಿಗೂ ಆಗೋದೇ, ಕಾಫಿ ಹೆಚ್ಚಾದ್ರೆ, ನಿದ್ದೆ ಕೆಟ್ಟರೆ, ಜ್ವರ ಬಂದ್ರೆ, ಮನಸ್ಸಿಗೆ ಚಿಂತೆ ಹತ್ತಿದ್ರೆ, ಸುಮ್ಮನೆ ಕೂತಾಗ ಎರಡು ಬಡಿತ ತಪ್ಪಿ ಸರಿಹೋದ್ರೆ ಅದು ದೊಡ್ಡದಲ್ಲ, ರಕ್ತ ಕಡಿಮೆ ಇದ್ರೂ ಆಗತ್ತೆ, ಥೈರಾಯ್ಡ್ ಇದ್ರೂ ಆಗತ್ತೆ, ಪರೀಕ್ಷೆ ಮಾಡಿದ್ರೆ ಗೊತ್ತಾಗತ್ತೆ — ನಮಃ, ಆರುನೂರ ನಾಲ್ಕು — ಆದರೆ ಅಮ್ಮಾ, ಮೆಟ್ಟಿಲು ಹತ್ತುವಾಗ ಎದೆ ಓಡಿ ಕಣ್ಣು ಕತ್ತಲೆ ಬಂದ್ರೆ, ತಲೆ ತಿರುಗಿ ಬಿದ್ರೆ, ಎದೆ ನೋವು ಬಂದ್ರೆ, ಉಸಿರು ಸಿಗದೆ ಹೋದ್ರೆ, ಅದು ಬೇರೆ, ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಹಾಗೇ ಹೋಗಿದ್ರಂತೂ ಒಂದು ದಿನ ಕಾಯಬಾರದು, ಕೆಲವು ಎದೆಗಳು ತಾಯಿಯಿಂದ ಮಗಳಿಗೆ ಬರ್ತವೆ. ತಾಯಿಯಿಂದ ಮಗಳಿಗೆ. ಬಳೆ ಬರುವಂತೆ, ಪೂಜೆಯ ಪಾತ್ರೆ ಬರುವಂತೆ. ಆರುನೂರ ಐದು. ನೀವು ದೇವರ ಭಕ್ತರಾ ಎಂದು ಕೇಳಿಬಿಟ್ಟಿದ್ದಳು ರಾಜ್ಯಲಕ್ಷ್ಮಿ ಆ ಹುಡುಗಿಯನ್ನು, ಸ್ವಲ್ಪ ಚುಚ್ಚಿಯೇ, ಅವಳು ನಕ್ಕಳು, ನಾನೂ ಬೆಟ್ಟ ಹತ್ತೋಳೇ ಅಮ್ಮಾ, ಹಚ್ಚಿದ ದೀಪಕ್ಕೆ ಎಣ್ಣೆ ಇದೆಯಾ ಅಂತ ನೋಡಿದ್ರೆ ಭಕ್ತಿ ಕಡಿಮೆ ಆಗತ್ತಾ, ಎಂದಳು. ಅವಳಿಗೆ ಹೇಳಬೇಕಿತ್ತು, ನನಗೊಬ್ಬ ಮಗಳಿದ್ದಾಳೆ, ನೀವು ಹೇಳಿದ್ದೆಲ್ಲ ನನಗಲ್ಲ ಅವಳಿಗೆ ಆಗುತ್ತಿದೆ, ನಾಳೆ ಅವಳು ಬೆಟ್ಟ ಹತ್ತುತ್ತಾಳೆ, ನಾನೇ ಹತ್ತಿಸುತ್ತಿದ್ದೇನೆ — ಹೇಳಲಿಲ್ಲ, ನಾಲಿಗೆಯ ತುದಿಯವರೆಗೆ ಬಂದದ್ದು ಅಲ್ಲೇ ನಿಂತಿತು, ಅದೂ ನಡುವೆಯೇ ನಿಂತಿತು, ಅದನ್ನು ಹೇಳಿದರೆ ಆ ಶುಕ್ರವಾರ ಒಡೆದುಹೋಗುತ್ತದೆ, ಅಮ್ಮನ ಪುಣ್ಯ ಬರಿಯ ಕಾಯಿಲೆಯಾಗುತ್ತದೆ, ಅಮ್ಮ ಬರಿಯ ಸತ್ತವಳಾಗುತ್ತಾಳೆ, ಮತ್ತು ತಾನು, ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಚೆಂದವಾಗಿ ಹೇಳಿದ ತಾನು — ಆರುನೂರ ಏಳು, ನಮಃ, ಈಗ ಎದೆಯೊಳಗೆ ನಡುಗುತ್ತಿದೆ, ಬಂತು, ಇಲ್ಲದ ಮೆಟ್ಟಿಲು, ದೊಪ್ಪೆಂದು ಎದ್ದಿತು, ದುರ್ಗಾಂಬ ಮುಖವನ್ನೇ ನೋಡುತ್ತಿದ್ದಾಳೆ, ಅವಳ ಕೈಗಳು ಆಗಲೇ ಮುಗಿಯಲು ಮೇಲೇಳುತ್ತಿವೆ, ಬೇಡ ದುರ್ಗಾಂಬಾ, ಮುಗಿಯಬೇಡ, ನಿನ್ನೆ ರಾತ್ರಿಯಿಂದ ನಾನು ಚಿಂತೆಯಲ್ಲಿ ಬೇಯುತ್ತಿದ್ದೇನೆ, ನಿದ್ದೆಯಿಲ್ಲ, ಎರಡು ಲೋಟ ಕಾಫಿ ಕುಡಿದಿದ್ದೇನೆ, ಇದು ಅದು, ಇಷ್ಟೇ ಇದು. ಎಡಗೈ ಸೆರಗಿನೊಳಗೆ ಹೋಯಿತು, ಪೆಟ್ಟಿಗೆಯ ಗುಂಡಿಯನ್ನು ಹುಡುಕಿತು, ಒತ್ತಿತು. ಮೊದಲ ಸಲ ಒತ್ತಿತು. ಆರುನೂರ ಎಂಟು. ಎಷ್ಟು ಮೆಟ್ಟಿಲು ಹತ್ತಿರಬಹುದು ಅವಳು, ಬಾಗಿ ಏಳುವಾಗ ಕತ್ತಲೆ ಬಂದರೆ, ಕಲ್ಲಿನ ಮೆಟ್ಟಿಲು, ಹಿಂದಕ್ಕೆ ಬಿದ್ದರೆ, ಅವಳ ಕೈಯಲ್ಲೂ ಚಿಟಿಕೆ ಇರುತ್ತದೆ, ಮೂರು ಬೆರಳ ತುದಿಯಲ್ಲಿ, ಪ್ರಮೋದ್ ನೋಡುತ್ತ ನಿಂತಿರುತ್ತಾನೆ, ಅತ್ತೆ ಹೇಳಿದ್ದಾರೆ, ಅಮ್ಮನವರು ಬಂದಿರಬೇಕು ಎಂದು ಕೈ ಮುಗಿದು ನಿಂತಿರುತ್ತಾನೆ, ಎಷ್ಟು ಹೊತ್ತು ನಿಂತಿರುತ್ತಾನೆ. ಆರುನೂರ ಹತ್ತು. ಏಳಬಾರದು, ಸಾವಿರ ಮುಗಿಯದೆ ಏಳಬಾರದು, ಅಜ್ಜಿಯ ಕೈಯ ಭಾರ ಇನ್ನೂ ತೊಡೆಯ ಮೇಲಿದೆ — ಆದರೆ ಪೂಜೆ ಮುಗಿಯುವಾಗ ಕ್ಷಮೆ ಕೇಳುವುದಿಲ್ಲವೇ, ಪ್ರತಿ ಸಲ, ಎಲ್ಲ ಪೂಜೆಗಳಲ್ಲೂ, ಮಂತ್ರ ತಪ್ಪಿದ್ದಕ್ಕೆ, ಕ್ರಿಯೆ ತಪ್ಪಿದ್ದಕ್ಕೆ, ಭಕ್ತಿ ಸಾಲದ್ದಕ್ಕೆ, ತಪ್ಪೇ ಆಗದಿದ್ದರೂ ಕೇಳುವುದು, ಹಾಗೆ ವಿಧಿಸಿಟ್ಟ ಹಿರಿಯರು ಯಾರನ್ನು ನೆನೆದು ವಿಧಿಸಿಟ್ಟರು, ನಡುವೆ ಎದ್ದುಹೋಗಬೇಕಾದವಳು ಒಬ್ಬಳಾದರೂ ಇರುತ್ತಾಳೆಂದು ಬಲ್ಲವರೇ ಇರಬೇಕು, ಇಷ್ಟು ವರ್ಷ ಆ ಮಾತನ್ನೂ ಬಾಯಿಯೇ ಹೇಳಿತು, ತಾನು ಕೇಳಿಸಿಕೊಳ್ಳಲಿಲ್ಲ. ಆರುನೂರ ಹನ್ನೊಂದು, ನಮಃ.

ಆರುನೂರ ಹನ್ನೆರಡನೆಯ ನಾಮ ತುಟಿಗೆ ಬಂತು, ಬೆರಳು ಚಿಟಿಕೆ ಎತ್ತಿತು, ಒಂಬತ್ತು ಕೈಗಳು ಕಣಗಿಲೆ ಹೂಗಳಿಗೆ ಚಾಚಿದವು, ಕೈ ಬಟ್ಟಲನ್ನು ಬಿಟ್ಟು ಹೊರಟು ನಡುವೆ ನಿಂತಿತು — ಈ ಸಲ ಅವಳೇ ನಿಲ್ಲಿಸಿದಳು. ಅಮ್ಮವಾರು, ಎಂದು ಉಸಿರಿದಳು ದುರ್ಗಾಂಬ. ಅಲ್ಲ, ಎಂದಳು ರಾಜ್ಯಲಕ್ಷ್ಮಿ, ಕನಕಲಕ್ಷ್ಮೀ, ನೀನು ಮುಂದಕ್ಕೆ ಹೇಳು, ನನಗೆ ಏಳಬೇಕು. ಏಳುವಾಗ ಮಂಡಿ ನೋಯಿತು, ಒಂದು ತಂತಿ ಸೀರೆಯ ಅಂಚಿಗೆ ಸಿಕ್ಕಿ ಕಿತ್ತುಬಂತು, ಹೊಸಿಲು ದಾಟಿದಳು, ಹಿಂದೆ ಯಾರೂ ಮುಂದಕ್ಕೆ ಹೇಳುತ್ತಿಲ್ಲ, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಆ ನಾಮದ ನಂತರ ಮೌನ, ಅಕ್ಕಿಡಬ್ಬ, ಫೋನು, ಬಲಗೈಯಲ್ಲಿ ಚಿಟಿಕೆ ಹಾಗೇ ಇದೆ, ಎಡಗೈಯಿಂದ ಒತ್ತಿದಳು, ತಪ್ಪಿತು, ಮತ್ತೆ ಒತ್ತಿದಳು, ಗಂಟೆ ಹೋಗುತ್ತಿದೆ, ಒಂದು, ಎರಡು, ಎತ್ತುವುದಿಲ್ಲ, ಐದು, ತಟ್ಟೆ ಕೈಯಲ್ಲಿರುತ್ತದೆ ಹೇಗೆ ಎತ್ತುತ್ತಾಳೆ, ಏಳು, ಅಮ್ಮಾ ತಾಯೀ ಒಂದು ಸಲ, ಒಂಬತ್ತು — ಏಮ್ಮಾ, ಎಂದಳು ಶ್ರಾವ್ಯಾ, ಏದುತ್ತ, ಹಿಂದೆ ಜನರ ಗಲಗಲ, ಎಪ್ಪತ್ತೆರಡು ಮೆಟ್ಟಿಲಾಯ್ತು, ನಿಂಗೆ ಈಗ ಪೂಜೆ ಅಲ್ವಾ. ಕೂತ್ಕೋ, ಎಂದಳು ರಾಜ್ಯಲಕ್ಷ್ಮಿ. ಏನು. ಅಲ್ಲೇ ಕೂತ್ಕೋ ಮಗೂ, ಇನ್ನೊಂದು ಮೆಟ್ಟಿಲು ಹತ್ಬೇಡ, ತಟ್ಟೆ ಕೆಳಗಿಡು, ಎದೆ ಹೇಗಿದೆ ಹೇಳು. ಓಡ್ತಾ ಇದೆ, ಸ್ವಲ್ಪ ಕತ್ತಲೆ ಬಂದಂಗಾಯ್ತು ಈಗ, ಪರವಾಗಿಲ್ಲ, ನೀನೇ ಹೇಳಿದ್ಯಲ್ಲ ಅದು. ನಾನು ಹೇಳಿದ್ದು ತಪ್ಪು, ಪ್ರಮೋದ್‌ಗೆ ಕೊಡು. ಅತ್ತೆಯವರೇ, ಎಂದ ಅಳಿಯ, ಅವಳು ತಡೆಯದೆ ಹೇಳುತ್ತ ಹೋದಳು, ಪ್ರಮೋದ್, ಅವಳನ್ನ ಹತ್ತಿಸಬೇಡಿ, ನಡೆಸಿಯೂ ಇಳಿಸಬೇಡಿ, ನೆರಳಲ್ಲಿ ಒರಗಿಸಿ ಕೂರಿಸಿ, ಅಲ್ಲಿ ಸೇವೆಯವರಿರ್ತಾರೆ ಎತ್ತಿಕೊಂಡು ಇಳಿಸೋಕೆ ಹೇಳಿ, ಅಲ್ಲಿಂದ ಸೀದಾ ಎದೆ ಡಾಕ್ಟರ ಹತ್ರ, ಇವತ್ತೇ, ಮನೆಗೂ ಹೋಗಬೇಡಿ, ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬರತ್ತೆ ಅಂತ ಹೇಳಿ, ಇನ್ನೊಂದು ಹೇಳಿ, ಅವಳ ಅಜ್ಜಿ ನಲವತ್ತಾರಕ್ಕೇ, ಕೂತಲ್ಲೇ, ಇದ್ದಕ್ಕಿದ್ದಂತೆ ಸತ್ತುಹೋದರು ಅಂತ ಹೇಳಿ, ಮರೀಬೇಡಿ. ಆಯ್ತು ಅತ್ತೆಯವರೇ, ನಾನೂ ಬುಧವಾರದಿಂದ ಅದನ್ನೇ ಬಡ್ಕೋತಿದೀನಿ, ಎಂದ, ಸಿಟ್ಟಿತ್ತು ದನಿಯಲ್ಲಿ, ಇರಲಿ, ಇರಬೇಕು, ಆಮೇಲೆ ಯಾರನ್ನೋ ಕೂಗಿ ತೆಲುಗಿನಲ್ಲಿ ಕುರ್ಚಿ ತನ್ನಿ ಎನ್ನುವುದು ಕೇಳಿಸಿತು, ಕೂತ್ಕೊಂಡಿದೀನಮ್ಮಾ, ಎಂದು ಶ್ರಾವ್ಯಾ ಮತ್ತೆ ಫೋನಿಗೆ ಬಂದಳು, ಉಸಿರು ಈಗ ಸ್ವಲ್ಪ ಹಿಡಿತಕ್ಕೆ ಬಂದಿತ್ತು, ಕುಳಿತಿದ್ದಾಳೆ, ಕುಳಿತಿದ್ದಾಳೆ, ಬೆಟ್ಟದ ಗಾಳಿಯ ನಡುವೆ ಅವಳು ಮೆಲ್ಲಗೆ ಕೇಳಿದಳು, ಅಮ್ಮಾ, ಹಾಗಾದ್ರೆ ಅಮ್ಮಮ್ಮಂಗೆ ಅವತ್ತು ಯಾರಾದ್ರೂ ಎದ್ದು ಹೋಗಿದ್ರೆ — ಕೇಳಿ ಅಲ್ಲಿಗೇ ಬಿಟ್ಟಳು, ಮುಂದಿನ ಮಾತು ರಾಜ್ಯಲಕ್ಷ್ಮಿಯದು, ಅರ್ಧ ಗಂಟೆ, ಗೋಡೆಗೆ ಒರಗಿದ ಬೆನ್ನು, ಪೀಠದ ಅಂಚಿನ ಮೇಲೆ ಮೊಣಕೈ, ಏನೋ ಹೇಳಲು ಒಂದಿಷ್ಟು ಆಡಿದ ತುಟಿ, ಅವಳು ತನ್ನ ಬಲಗೈಯನ್ನು ನೋಡಿದಳು, ಮೂರು ಬೆರಳು, ಬೆರಳ ತುದಿಯಲ್ಲಿ ಕುಂಕುಮ, ಬಟ್ಟಲಿಗೂ ಪಾದಕ್ಕೂ ನಡುವೆ, ಇನ್ನೂ ಬಿದ್ದಿಲ್ಲ, ಬೀಳದೆ